ರಕ್ತಕ್ಯಾನ್ಸರಿಗೆ ದಿನಕ್ಕೊಂದು ಮಾತ್ರೆ: ಡಾ. ಬ್ರಯಾನ್ ಡ್ರುಕರ್ ಹಿಡಿದ ಹಟ

ರಕ್ತದ ಕ್ಯಾನ್ಸರ್ ಎಂದರೆ ಸಾವು ಎಂದೇ ನಮ್ಮ ಚಲನಚಿತ್ರಗಳು ಹಲವು ದಶಕಗಳ ಕಾಲ ಹೇಳಿಕೊಟ್ಟಿವೆ. ನಾಯಕ ಕೆಮ್ಮುತ್ತಾನೆ, ಕರವಸ್ತ್ರದಲ್ಲಿ ರಕ್ತದ ಕಲೆ ಕಾಣುತ್ತದೆ, ವೈದ್ಯರು ಕನ್ನಡಕ ತೆಗೆದು ತಲೆಯಾಡಿಸುತ್ತಾರೆ. ವೈದ್ಯಕೀಯ ದೃಷ್ಟಿಯಿಂದ ಈ ಚಿತ್ರಣ ಅಷ್ಟೇನೂ ಸರಿಯಲ್ಲ. ಆದರೆ ಕೊನೆಯ ಫಲಿತಾಂಶದ ಮಟ್ಟಿಗೆ ಅದು ಬಹುಪಾಲು ನಿಜವೇ ಆಗಿತ್ತು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತಕ್ಯಾನ್ಸರನ್ನೇ ತೆಗೆದುಕೊಳ್ಳಿ. ವೈದ್ಯರ ಬಾಯಲ್ಲಿ ಇದು ಸಿಎಂಎಲ್. 2000ನೇ ಇಸವಿಗೆ ಮೊದಲು ಈ ಕಾಯಿಲೆ ಪತ್ತೆಯಾದ ವ್ಯಕ್ತಿಗೆ, ಬೇರೊಬ್ಬರ ಅಸ್ಥಿಮಜ್ಜೆ ಹೊಂದಿಕೆಯಾಗಿ ಕಸಿ ಸಾಧ್ಯವಾಗದಿದ್ದಲ್ಲಿ, ವೈದ್ಯರು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳ ಲೆಕ್ಕ ಹೇಳುತ್ತಿದ್ದರು.

ಇಂದು ಅದೇ ಕಾಯಿಲೆಯ ಆರಂಭದ ಹಂತದಲ್ಲಿ ಆಸ್ಪತ್ರೆಗೆ ಬಂದವರು ದಿನಕ್ಕೊಂದು ಮಾತ್ರೆ ನುಂಗಿ ಕಚೇರಿಗೆ ಹೋಗುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ, ವಯಸ್ಸಾಗಿ ಬೇರಾವುದೋ ಕಾರಣಕ್ಕೆ ತೀರಿಕೊಳ್ಳುತ್ತಾರೆ. ಈ ಬದಲಾವಣೆಯ ಹಿಂದೆ ಹಲವರ ದುಡಿಮೆ ಇದೆ. ಅವರ ನಡುವೆ ಒಂದೇ ಕಾಯಿಲೆಯ ಒಂದೇ ಪ್ರಶ್ನೆಯನ್ನು ಹಿಡಿದು ಬಿಡದೆ ಕುಳಿತ ವೈದ್ಯರೊಬ್ಬರಿದ್ದಾರೆ. ಅವರೇ ಅಮೆರಿಕದ ಒರೆಗಾನ್ ರಾಜ್ಯದ ಡಾ. ಬ್ರಯಾನ್ ಡ್ರುಕರ್.

ಕಾಯಿಲೆಯ ಸ್ವರೂಪ

ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ದೇಹಕ್ಕೆ ಎಷ್ಟು ಬೇಕೋ ಅಷ್ಟು ಬಿಳಿ ರಕ್ತಕಣಗಳನ್ನು ಹುಟ್ಟಿಸಿ ಸುಮ್ಮನಾಗುವುದು ಮಜ್ಜೆಯ ಸಹಜ ಶಿಸ್ತು. ಸಿಎಂಎಲ್‌ನಲ್ಲಿ ಈ ಶಿಸ್ತು ತಪ್ಪುತ್ತದೆ. ಬಿಳಿ ಕಣಗಳ ಸಂಖ್ಯೆ ಸಾವಿರಗಳಿಂದ ಲಕ್ಷಗಳಿಗೆ ಏರುತ್ತದೆ, ಗುಲ್ಮ ಊದಿಕೊಂಡು ಹೊಟ್ಟೆಯ ಎಡಭಾಗ ಭಾರವೆನಿಸುತ್ತದೆ, ಸುಸ್ತು ಬಿಡುವುದಿಲ್ಲ. ಮೊದಲ ಕೆಲವು ವರ್ಷ ಕಾಯಿಲೆ ನಿಧಾನವಾಗಿ ಸಾಗುತ್ತದೆ. ಎಷ್ಟೋ ಮಂದಿಗೆ ಬೇರಾವುದೋ ಕಾರಣಕ್ಕೆ ರಕ್ತಪರೀಕ್ಷೆ ಮಾಡಿಸಿದಾಗಲೇ ಇದು ಗೊತ್ತಾಗುವುದು. ಚಿಕಿತ್ಸೆ ಇಲ್ಲದಿದ್ದರೆ ಒಂದು ಹಂತದಲ್ಲಿ ವೇಗ ಪಡೆದು, ಕೊನೆಗೆ ಬಲಿಯದ ಕಣಗಳೇ ರಕ್ತವನ್ನು ತುಂಬಿಕೊಳ್ಳುವ ‘ಬ್ಲಾಸ್ಟ್ ಕ್ರೈಸಿಸ್’ ಹಂತಕ್ಕೆ ತಲುಪುತ್ತದೆ. ಅಲ್ಲಿಂದಾಚೆಗೆ ಉಳಿಯುವುದು ತಿಂಗಳುಗಳ ಲೆಕ್ಕ ಮಾತ್ರ.

1845ರಲ್ಲೇ ವೈದ್ಯರು ವಿವರಿಸಿದ ಈ ಕಾಯಿಲೆಗೆ ಆರ್ಸೆನಿಕ್ ಕುಡಿಸಿದ್ದಾಯಿತು, ಗುಲ್ಮಕ್ಕೆ ವಿಕಿರಣ ಹಾಯಿಸಿದ್ದಾಯಿತು, ಬಿಳಿ ಕಣ ತಗ್ಗಿಸುವ ಮಾತ್ರೆಗಳನ್ನು ಕೊಟ್ಟಿದ್ದಾಯಿತು. ಕಣಗಳ ಎಣಿಕೆ ಇಳಿಯುತ್ತಿತ್ತು, ಕಾಯಿಲೆಯ ನಡಿಗೆ ಮಾತ್ರ ನಿಲ್ಲುತ್ತಿರಲಿಲ್ಲ. 1980ರ ದಶಕದಲ್ಲಿ ಬಂದ ಇಂಟರ್‌ಫೆರಾನ್ ಚುಚ್ಚುಮದ್ದು ಕೆಲವರ ಆಯುಸ್ಸನ್ನು ನಿಜಕ್ಕೂ ಹೆಚ್ಚಿಸಿತಾದರೂ, ವರ್ಷಗಟ್ಟಲೆ ಫ್ಲೂ ಜ್ವರದಂಥ ಮೈಕೈನೋವನ್ನು ರೋಗಿ ಸಹಿಸಿಕೊಳ್ಳಬೇಕಾಗಿತ್ತು.

ಕಾಯಿಲೆಯ ಮೂಲ ಎಲ್ಲಿದೆ ಎಂಬುದಕ್ಕೆ ಸುಳಿವು ಸಿಕ್ಕಿದ್ದು 1960ರಲ್ಲಿ. ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ರಕ್ತಕಣಗಳಲ್ಲಿ ಅಸಹಜವಾಗಿ ಗಿಡ್ಡವಾದ ಒಂದು ವರ್ಣತಂತುವನ್ನು ಕಂಡರು. ಅದಕ್ಕೆ ಊರಿನ ಹೆಸರೇ ನಿಂತಿತು. ಮುಂದೆ ಷಿಕಾಗೋದ ಡಾ. ಜಾನೆಟ್ ರೌಲಿ ವರ್ಣತಂತುಗಳ ಛಾಯಾಚಿತ್ರಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸುತ್ತ ಕುಳಿತಾಗ, ಕಾಣೆಯಾದ ತುಂಡು ಎಲ್ಲಿಗೆ ಹೋಗಿದೆಯೆಂಬುದು ಕಣ್ಣಿಗೆ ಬಿತ್ತು. 22ನೇ ವರ್ಣತಂತುವಿನ ತುದಿ 9ನೆಯದಕ್ಕೆ ಅಂಟಿಕೊಂಡಿತ್ತು. ಎರಡೂ ತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಈ ವಿಷಯ 1973ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ವರ್ಣತಂತುಗಳ ಏರುಪೇರು ಕ್ಯಾನ್ಸರಿನ ಪರಿಣಾಮವಿರಬೇಕು, ಕಾರಣವಲ್ಲ ಎಂದೇ ಹೆಚ್ಚಿನವರು ನಂಬಿದ್ದರು.

ಅದಲುಬದಲಾದ ಜಾಗದಲ್ಲಿ ಎರಡು ವಂಶವಾಹಿಗಳು ಬೆಸೆದುಕೊಂಡು ಬಿಸಿಆರ್-ಎಬಿಎಲ್ ಎಂಬ ಹೊಸದೊಂದು ಹುಟ್ಟುತ್ತದೆ ಎಂಬುದು 1980ರ ದಶಕದಲ್ಲಿ ಸ್ಪಷ್ಟವಾಯಿತು. ಅದು ತಯಾರಿಸುವುದು ಟೈರೋಸಿನ್ ಕೈನೇಸ್ ವರ್ಗದ ಒಂದು ಕಿಣ್ವವನ್ನು. ‘ಬೆಳೆ, ಇಬ್ಭಾಗವಾಗು’ ಎಂಬ ಸಂದೇಶವನ್ನು ಜೀವಕೋಶದೊಳಗೆ ದಾಟಿಸುವುದು ಇಂಥ ಕಿಣ್ವಗಳ ಕೆಲಸ. ಮನೆಯ ಮೇಲಿನ ನೀರಿನ ಟ್ಯಾಂಕ್ ತುಂಬಿಸುವ ಮೋಟಾರನ್ನು ನೆನೆಸಿಕೊಳ್ಳಿ. ಟ್ಯಾಂಕ್ ತುಂಬಿದೊಡನೆ ಸ್ವಿಚ್ ಆರಿಸುತ್ತೇವೆ. ಆ ಸ್ವಿಚ್ಚೇ ಒತ್ತಿದಲ್ಲಿ ಸಿಕ್ಕಿಹಾಕಿಕೊಂಡರೆ? ಟ್ಯಾಂಕ್ ಉಕ್ಕಿ ಗೋಡೆಯ ಮೇಲೆ ನೀರು ಸುರಿದರೂ ಮೋಟಾರ್ ತಿರುಗುತ್ತಲೇ ಇರುತ್ತದೆ. ಬಿಸಿಆರ್-ಎಬಿಎಲ್ ಮಾಡುವುದು ಇದನ್ನೇ. ಹಳೆಯ ಚಿಕಿತ್ಸೆಗಳೆಲ್ಲ ಉಕ್ಕಿದ ನೀರನ್ನು ಬಳಿಯುವ ಕೆಲಸವಷ್ಟೇ ಆಗಿದ್ದವು. ಮೋಟಾರಿನ ಫ್ಯೂಸ್ ಕಿತ್ತರೆ ಹೇಗೆ?

ಬಾಸ್ಟನ್‌ನಿಂದ ಪೋರ್ಟ್‌ಲೆಂಡ್‌ಗೆ

1955ರಲ್ಲಿ ಮಿನೆಸೋಟ ರಾಜ್ಯದ ಸೇಂಟ್ ಪಾಲ್‌ನಲ್ಲಿ ಹುಟ್ಟಿದ ಡ್ರುಕರ್ ಮೊದಲು ಕಲಿತದ್ದು ರಸಾಯನಶಾಸ್ತ್ರ, ಆಮೇಲೆ ವೈದ್ಯಶಾಸ್ತ್ರ. ಎರಡೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯಲ್ಲಿ. 1980ರ ದಶಕದ ನಡುವೆ ಕ್ಯಾನ್ಸರ್ ವೈದ್ಯರಾಗಿ ತರಬೇತಿ ಪಡೆಯಲು ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಬಂದರು. ಕಿಮೋಥೆರಪಿ ಎಂಬುದು ಒಳ್ಳೆಯ ಕೋಶ, ಕೆಟ್ಟ ಕೋಶ ಎಂಬ ಭೇದವಿಲ್ಲದೆ ಹೊಡೆಯುವ ಅಸ್ತ್ರ. ಕಾಯಿಲೆಯ ಕಾರಣವೇ ಗೊತ್ತಿದ್ದರೆ ಅದನ್ನು ಮಾತ್ರ ಹೊಡೆಯಲಾಗದೇ ಎಂಬ ಪ್ರಶ್ನೆಯೊಂದಿಗೆ ಅವರು ಥಾಮಸ್ ರಾಬರ್ಟ್ಸ್ ಅವರ ಪ್ರಯೋಗಾಲಯ ಸೇರಿದರು. ಕೈನೇಸ್ ಕಿಣ್ವಗಳು ಕೆಲಸ ಮಾಡಿದ ಗುರುತನ್ನು ಪತ್ತೆಹಚ್ಚುವ ಪ್ರತಿಕಾಯವೊಂದನ್ನು ಅಲ್ಲಿ ಅವರು ರೂಪಿಸಿದರು. ಈಗ ಹೇಳಿದರೆ ಇದು ಸಣ್ಣ ಸಂಗತಿ ಎನಿಸಬಹುದು. ಆದರೆ ಫ್ಯೂಸ್ ಕಿತ್ತ ಮೇಲೆ ಮೋಟಾರ್ ನಿಜವಾಗಿ ನಿಂತಿತೇ ಎಂದು ನೋಡಲು ಅಳತೆಗೋಲು ಬೇಕಲ್ಲ, ಆ ಅಳತೆಗೋಲು ಇದಾಗಿತ್ತು.

ಅದೇ ಕಾಲಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲೈಡನ್ ಎಂಬ ವಿಜ್ಞಾನಿ, ಅಲೆಕ್ಸ್ ಮ್ಯಾಟರ್ ಅವರ ನೇತೃತ್ವದಲ್ಲಿ, ಕೈನೇಸ್‌ಗಳನ್ನು ತಡೆಯುವ ರಾಸಾಯನಿಕಗಳ ಹುಡುಕಾಟದಲ್ಲಿದ್ದರು. ರಾಬರ್ಟ್ಸ್ ಪ್ರಯೋಗಾಲಯದ ಮೂಲಕ ಇಬ್ಬರಿಗೂ ಪರಿಚಯವಾಯಿತು. ಪರೀಕ್ಷೆಗೆ ಸಿಎಂಎಲ್ಲೇ ತಕ್ಕ ಕಾಯಿಲೆ ಎಂದು ಡ್ರುಕರ್ ಒತ್ತಿ ಹೇಳಿದರು. ಕಾರಣ ಸರಳವಾಗಿತ್ತು. ಬೇರೆ ಕ್ಯಾನ್ಸರ್‌ಗಳಲ್ಲಿ ಎಷ್ಟು ಸ್ವಿಚ್‌ಗಳು ಕೆಟ್ಟಿವೆಯೋ ಯಾರಿಗೂ ತಿಳಿದಿರಲಿಲ್ಲ, ಇಲ್ಲಿ ಕೆಟ್ಟಿರುವುದು ಒಂದೇ.

ಆದರೆ ಇಬ್ಬರೂ ಸೇರಿ ಕೆಲಸ ಮಾಡುವಂತಿರಲಿಲ್ಲ. ಡಾನಾ-ಫಾರ್ಬರ್ ಸಂಸ್ಥೆ ಸೀಬಾ-ಗೈಗಿಯ ಪ್ರತಿಸ್ಪರ್ಧಿಯಾದ ಸ್ಯಾಂಡೋಜ್ ಜತೆ ಒಪ್ಪಂದ ಮಾಡಿಕೊಂಡಿತ್ತು. 1993ರಲ್ಲಿ ಡ್ರುಕರ್ ಆ ಹೆಸರಾಂತ ಸಂಸ್ಥೆಯನ್ನು ಬಿಟ್ಟು ದೇಶದ ಇನ್ನೊಂದು ತುದಿಯ ಪೋರ್ಟ್‌ಲೆಂಡ್‌ಗೆ, ಒರೆಗಾನ್ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಹೋದರು. ಕ್ಯಾನ್ಸರ್ ಸಂಶೋಧನೆಯಲ್ಲಿ ಅದಕ್ಕೆ ಆಗ ಬಾಸ್ಟನ್ನಿನ ಹೆಸರಿರಲಿಲ್ಲ. ಹೋದವರೇ ಲೈಡನ್ ಅವರಿಗೆ ಕರೆ ಮಾಡಿದರು. ಕಂಪನಿಯ ರಸಾಯನಶಾಸ್ತ್ರಜ್ಞ ಯುರ್ಗ್ ಜಿಮ್ಮರ್‌ಮನ್ ಮತ್ತು ಸಂಗಡಿಗರು ಸಿದ್ಧಪಡಿಸಿದ್ದ ಹಲವು ಸಂಯುಕ್ತಗಳ ಮಾದರಿಗಳು ಪೋರ್ಟ್‌ಲೆಂಡ್ ತಲುಪಿದವು. (ಮೂರು ವರ್ಷ ಕಳೆಯುವಷ್ಟರಲ್ಲಿ ಸೀಬಾ-ಗೈಗಿ ಮತ್ತು ಸ್ಯಾಂಡೋಜ್ ಎರಡೂ ವಿಲೀನವಾಗಿ ನೋವಾರ್ಟಿಸ್ ಆದವು! ಡ್ರುಕರ್ ಊರು ಬಿಡಲು ಕಾರಣವಾದ ಪೈಪೋಟಿಯೇ ಇಲ್ಲವಾಯಿತು.)

ಆ ಮಾದರಿಗಳಲ್ಲಿ ಒಂದು ಉಳಿದವುಗಳಿಗಿಂತ ಭಿನ್ನವಾಗಿ ವರ್ತಿಸಿತು. ರೋಗಿಗಳ ಮಜ್ಜೆಯಿಂದ ಬೆಳೆಸಿದ ಕ್ಯಾನ್ಸರ್ ಕೋಶಗಳ ಗುಂಪುಗಳಲ್ಲಿ ಶೇ 92ರಿಂದ 98ರಷ್ಟು ಅದರಿಂದ ಇಲ್ಲವಾದವು, ಆರೋಗ್ಯವಂತ ಕೋಶಗಳು ಹಾಗೆಯೇ ಉಳಿದವು. 1996ರಲ್ಲಿ ‘ನೇಚರ್ ಮೆಡಿಸಿನ್’ ನಿಯತಕಾಲಿಕದಲ್ಲಿ ಇದು ಪ್ರಕಟವಾಯಿತು. ಕೈನೇಸ್‌ಗಳು ಮನುಷ್ಯದೇಹದಲ್ಲಿ 500ಕ್ಕೂ ಹೆಚ್ಚು ಇವೆ. ಅವೆಲ್ಲಕ್ಕೂ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಕೂರುವ ಕುಳಿ ಹೆಚ್ಚುಕಡಿಮೆ ಒಂದೇ ಬಗೆಯದು. ಒಂದನ್ನು ಮಾತ್ರ ಮುಚ್ಚುವ ಔಷಧ ಅಸಾಧ್ಯ, ಎಲ್ಲವೂ ಕೆಟ್ಟು ರೋಗಿಗೆ ವಿಷವಾಗುತ್ತದೆ ಎಂಬುದು ಆಗಿನ ಪಂಡಿತರ ಅಭಿಪ್ರಾಯವಾಗಿತ್ತು. ಈ ಅಣು ಆ ಕುಳಿಯಲ್ಲಿ ಬೆಣೆಯಂತೆ ಕುಳಿತು, ಎಬಿಎಲ್ ಜತೆ ಬೆರಳೆಣಿಕೆಯ ಕೈನೇಸ್‌ಗಳನ್ನಷ್ಟೇ ತಡೆಯಿತು. ಇದೇ ಮುಂದೆ ಇಮ್ಯಾಟಿನಿಬ್ ಎಂದು ಹೆಸರಾಯಿತು.

ಇಷ್ಟಾದರೂ ಔಷಧ ರೋಗಿಯನ್ನು ತಲುಪಲು ಎರಡು ವರ್ಷ ಕಾಯಬೇಕಾಯಿತು. ನಾಯಿಗಳ ಮೇಲಿನ ಪ್ರಯೋಗದಲ್ಲಿ ರಕ್ತನಾಳಕ್ಕೆ ಕೊಟ್ಟಾಗ ರಕ್ತ ಹೆಪ್ಪುಗಟ್ಟಿತು, ಹೆಚ್ಚಿನ ಪ್ರಮಾಣದಲ್ಲಿ ಬಾಯಿಗೆ ಹಾಕಿದಾಗ ಯಕೃತ್ತಿಗೆ ತೊಂದರೆ ಕಂಡಿತು. ಮೇಲಾಗಿ ಅಮೆರಿಕದಲ್ಲಿ ವರ್ಷಕ್ಕೆ ಹೊಸದಾಗಿ ಸಿಎಂಎಲ್ ಬರುತ್ತಿದ್ದವರು ಐದು ಸಾವಿರದ ಆಸುಪಾಸು. ಕೋಟ್ಯಂತರ ಡಾಲರ್ ಸುರಿದು ಇಷ್ಟು ಸಣ್ಣ ಮಾರುಕಟ್ಟೆಗೆ ಔಷಧ ಮಾಡಬೇಕೇ ಎಂಬ ಲೆಕ್ಕಾಚಾರ ಕಂಪನಿಯೊಳಗೆ ನಡೆದಿತ್ತು. ವ್ಯಾಪಾರದ ದೃಷ್ಟಿಯಿಂದ ಅದು ತಪ್ಪು ಲೆಕ್ಕವೇನಲ್ಲ. ಆದರೆ ಡ್ರುಕರ್ ಹೊರರೋಗಿ ವಿಭಾಗದಲ್ಲಿ ದಿನವೂ ನೋಡುತ್ತಿದ್ದುದು ಆ ಐದು ಸಾವಿರದಲ್ಲಿ ಸೇರಿದವರನ್ನೇ. ಅವರು ಕಂಪನಿಯ ಬೆನ್ನು ಬಿಡಲಿಲ್ಲ.

ಒಂದೊಂದಾಗಿ ಇಳಿದ ಎಣಿಕೆ

1998ರ ಜೂನ್‌ನಲ್ಲಿ ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗ ಆರಂಭವಾಯಿತು. ಲಾಸ್ ಏಂಜಲೀಸ್‌ನಲ್ಲಿ ಚಾರ್ಲ್ಸ್ ಸಾಯರ್ಸ್, ಹ್ಯೂಸ್ಟನ್ನಿನಲ್ಲಿ ಮೋಶೆ ತಲ್ಪಾಝ್ ಕೈಜೋಡಿಸಿದರು. ತಲ್ಪಾಝ್ ಹಿಂದೆ ಇಂಟರ್‌ಫೆರಾನ್ ಚಿಕಿತ್ಸೆಯನ್ನು ಬೆಳೆಸಿದವರಲ್ಲಿ ಒಬ್ಬರು. ತಾವು ಬೆಳೆಸಿದ ಔಷಧವನ್ನು ಹಿಂದಕ್ಕೆ ತಳ್ಳಬಹುದಾದ ಪ್ರಯೋಗಕ್ಕೆ ಅವರೇ ಹೆಗಲು ಕೊಟ್ಟರೆಂಬುದನ್ನು ಗಮನಿಸಬೇಕು.

ಮೊದಲ ಹಂತದ ಪ್ರಯೋಗದ ಉದ್ದೇಶ ರೋಗ ವಾಸಿಮಾಡುವುದಲ್ಲ, ಔಷಧದ ಸುರಕ್ಷಿತ ಪ್ರಮಾಣ ಯಾವುದೆಂದು ತಿಳಿಯುವುದು. ಇಂಟರ್‌ಫೆರಾನ್ ಫಲಿಸದೇ ಹೋದವರನ್ನೇ ಆರಿಸಿ, ದಿನಕ್ಕೆ 25 ಮಿಲಿಗ್ರಾಂನಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸಲಾಯಿತು. ಪ್ರಮಾಣ 300 ಮಿಲಿಗ್ರಾಂ ಮುಟ್ಟಿದಾಗ ಕಂಡ ಚಿತ್ರ ವೈದ್ಯರನ್ನೇ ಬೆರಗುಗೊಳಿಸಿತು. ಆ ಪ್ರಮಾಣ ಅಥವಾ ಅದಕ್ಕಿಂತ ಹೆಚ್ಚು ಪಡೆದ 54 ರೋಗಿಗಳಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜ ಸ್ಥಿತಿಗೆ ಮರಳಿತು. ಹೆಚ್ಚಿನವರಲ್ಲಿ ಇದಕ್ಕೆ ಹಿಡಿದದ್ದು ನಾಲ್ಕು ವಾರ. ಕೆಲವರ ಮಜ್ಜೆಯಿಂದ ಫಿಲಡೆಲ್ಫಿಯಾ ವರ್ಣತಂತುವೇ ಮರೆಯಾಯಿತು. ಈ ವರದಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದದ್ದು 2001ರ ಏಪ್ರಿಲ್‌ನಲ್ಲಿ.

ಅಷ್ಟರಲ್ಲಿ ಸುದ್ದಿ ರೋಗಿಗಳ ನಡುವೆ ಹಬ್ಬಿತ್ತು. ಅಂತರ್ಜಾಲ ಆಗಿನ್ನೂ ಎಳೆಯದು. ಆದರೂ ಔಷಧದ ಪೂರೈಕೆ ಸಾಲದು ಎಂದು ತಿಳಿದಾಗ ಮಾಂಟ್ರಿಯಲ್ ನಗರದ ರೋಗಿಯೊಬ್ಬರು 1999ರಲ್ಲಿ ಅಂತರ್ಜಾಲದಲ್ಲೇ ಮೂರು ಸಾವಿರಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ನೋವಾರ್ಟಿಸ್ ಮುಖ್ಯಸ್ಥರಿಗೆ ಕಳುಹಿಸಿದರು. ಕಂಪನಿ ಉತ್ಪಾದನೆ ಹೆಚ್ಚಿಸಿತು. 2001ರ ಮೇ 10ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಪ್ಪಿಗೆ ಮುದ್ರೆ ಒತ್ತಿತು. ಅರ್ಜಿ ಕೈಸೇರಿ ಹತ್ತೇ ವಾರಗಳಾಗಿದ್ದವು. ಅದೇ ತಿಂಗಳು ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಆ ಮಾತ್ರೆ ರಾರಾಜಿಸಿತು.

ಇಂಥ ಸಂದರ್ಭಗಳಲ್ಲಿ ‘ಪವಾಡ’ ಎಂಬ ಪದ ನಮ್ಮ ಪತ್ರಕರ್ತರ ಲೇಖನಿಗೆ ಬಲುಬೇಗ ಬರುತ್ತದೆ. ನಿಜಸ್ಥಿತಿ ಅಷ್ಟು ನೇರವಾಗಿರಲಿಲ್ಲ. ಬ್ಲಾಸ್ಟ್ ಕ್ರೈಸಿಸ್ ಮುಟ್ಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲಿಗೆ ಚೇತರಿಸಿಕೊಂಡರೂ ಬಹಳಷ್ಟು ಜನರಲ್ಲಿ ಕಾಯಿಲೆ ಕೆಲವು ತಿಂಗಳುಗಳೊಳಗೆ ಮರುಕಳಿಸಿತು. ಕಿಣ್ವದ ಆಕಾರ ಒಂದಿಷ್ಟು ಬದಲಾಗಿ ಬೆಣೆ ಕೂರದಂತಾಗುತ್ತದೆ ಎಂದು ಸಾಯರ್ಸ್ ತಂಡ 2001ರಲ್ಲೇ ತೋರಿಸಿತು. ಬದಲಾದ ಕುಳಿಗೂ ಹೊಂದುವ ದಸಾಟಿನಿಬ್ 2006ರಲ್ಲಿ, ನಿಲೋಟಿನಿಬ್ 2007ರಲ್ಲಿ ಬಂದವು. ಎರಡಕ್ಕೂ ಬಗ್ಗದ ಒಂದು ರೂಪಾಂತರಕ್ಕೆ ಪೊನಾಟಿನಿಬ್ 2012ರಲ್ಲಿ, ಬೇರೆಯದೇ ಜಾಗದಲ್ಲಿ ಕಿಣ್ವವನ್ನು ಹಿಡಿಯುವ ಅಸಿಮಿನಿಬ್ 2021ರಲ್ಲಿ ಬಳಕೆಗೆ ಬಂದವು.

ಆರಂಭದ ಹಂತದ ರೋಗಿಗಳ ಕಥೆ ಮಾತ್ರ ಬೇರೆ. 1,106 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ದಿನಕ್ಕೆ 400 ಮಿಲಿಗ್ರಾಂ ಇಮ್ಯಾಟಿನಿಬ್, ಇನ್ನೊಂದಕ್ಕೆ ಇಂಟರ್‌ಫೆರಾನ್ ಆಧಾರಿತ ಚಿಕಿತ್ಸೆ ಕೊಟ್ಟು ನೋಡಿದ ದೊಡ್ಡ ಅಧ್ಯಯನದಲ್ಲಿ, ಹದಿನೆಂಟು ತಿಂಗಳಲ್ಲಿ ಫಿಲಡೆಲ್ಫಿಯಾ ವರ್ಣತಂತು ಪೂರ್ತಿ ಮರೆಯಾದದ್ದು ಮೊದಲ ಗುಂಪಿನ ಶೇ 76ರಷ್ಟು ಮಂದಿಯಲ್ಲಿ. ಎರಡನೇ ಗುಂಪಿನಲ್ಲಿ ಅದು ಶೇ 14.5. 2017ರಲ್ಲಿ ಪ್ರಕಟವಾದ ಅಂತಿಮ ವರದಿಯ ಪ್ರಕಾರ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಹತ್ತು ವರ್ಷದ ನಂತರವೂ ಬದುಕಿದ್ದವರು ಶೇ 83.3. ಡ್ರುಕರ್, ಲೈಡನ್, ಸಾಯರ್ಸ್ ಮೂವರಿಗೂ 2009ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು. 2012ರ ಜಪಾನ್ ಪ್ರಶಸ್ತಿಯನ್ನು ಡ್ರುಕರ್, ಲೈಡನ್ ಅವರೊಂದಿಗೆ ಜಾನೆಟ್ ರೌಲಿ ಹಂಚಿಕೊಂಡರು.

ಬೆಲೆಯ ಪ್ರಶ್ನೆ, ಭಾರತದ ಉತ್ತರ

ಔಷಧ ಇದ್ದರಾಯಿತೇ, ಕೊಳ್ಳಬೇಕಲ್ಲ! ಅಮೆರಿಕದಲ್ಲಿ 2001ರಲ್ಲಿ ವರ್ಷಕ್ಕೆ ಸುಮಾರು 30 ಸಾವಿರ ಡಾಲರ್ ಇದ್ದ ಈ ಮಾತ್ರೆಯ ಖರ್ಚು 2012ರ ಹೊತ್ತಿಗೆ 92 ಸಾವಿರಕ್ಕೆ ಏರಿತು. ಔಷಧ ಅದೇ, ಕಾರ್ಖಾನೆ ಅದೇ. ಭಾರತದಲ್ಲಿ ನೋವಾರ್ಟಿಸ್‌ನ ಗ್ಲಿವೆಕ್ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಬೆಲೆಯಿತ್ತು. ಹೈದರಾಬಾದಿನ ನ್ಯಾಟ್ಕೊ ಸೇರಿದಂತೆ ಇಲ್ಲಿಯ ಕಂಪನಿಗಳು ಅದೇ ಔಷಧವನ್ನು 8ರಿಂದ 10 ಸಾವಿರ ರೂಪಾಯಿಗೆ ಕೊಡುತ್ತಿದ್ದವು. ನಮ್ಮಲ್ಲಿ ಇದು ಇನ್ನೂ ಹೆಚ್ಚಿನ ತೂಕದ ವಿಷಯ. ಪಶ್ಚಿಮದ ದೇಶಗಳಲ್ಲಿ ಸಿಎಂಎಲ್ ಹೆಚ್ಚಾಗಿ ಅರವತ್ತರ ಆಸುಪಾಸಿನವರ ಕಾಯಿಲೆಯಾದರೆ, ಭಾರತದ ಆಸ್ಪತ್ರೆಗಳ ದಾಖಲೆಗಳಲ್ಲಿ ರೋಗಿಗಳ ಮಧ್ಯಮ ವಯಸ್ಸು ನಲವತ್ತರೊಳಗೆ. ಅಂದರೆ ದುಡಿದು ಸಂಸಾರ ಸಾಕುವವರೇ ಹೆಚ್ಚು.

1998ರಲ್ಲೇ ನೋವಾರ್ಟಿಸ್ ಚೆನ್ನೈನ ಪೇಟೆಂಟ್ ಕಚೇರಿಯಲ್ಲಿ ಅರ್ಜಿ ಸಲ್ಲಿಸಿತ್ತು. ಅದು ಇಮ್ಯಾಟಿನಿಬ್‌ಗಾಗಿ ಅಲ್ಲ, ಅದರ ಲವಣದ ‘ಬೀಟಾ’ ಎಂಬ ಹರಳು ರೂಪಕ್ಕಾಗಿ. ಕ್ಯಾನ್ಸರ್ ರೋಗಿಗಳ ಸಂಘಟನೆ ಮತ್ತು ಭಾರತದ ಕಂಪನಿಗಳು ಆಕ್ಷೇಪ ಎತ್ತಿದವು. 2005ರಲ್ಲಿ ತಿದ್ದುಪಡಿಯಾದ ಕಾನೂನಿನ 3(ಡಿ) ಕಲಮು, ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಅದರ ಪರಿಣಾಮ ಗಣನೀಯವಾಗಿ ಹೆಚ್ಚಿರಬೇಕು ಎನ್ನುತ್ತದೆ. 2006ರ ಜನವರಿಯಲ್ಲಿ ಅರ್ಜಿ ತಿರಸ್ಕೃತವಾಯಿತು. ಮದ್ರಾಸ್ ಹೈಕೋರ್ಟ್, ಮೇಲ್ಮನವಿ ಮಂಡಳಿಗಳನ್ನು ಹಾದು ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. ಹರಳು ರೂಪ ದೇಹದಲ್ಲಿ ಶೇ 30ರಷ್ಟು ಹೆಚ್ಚು ಹೀರಲ್ಪಡುತ್ತದೆ ಎಂಬುದು ಕಂಪನಿಯ ವಾದ. ಹೀರಿಕೆ ಹೆಚ್ಚಿದ ಮಾತ್ರಕ್ಕೆ ರೋಗ ಗುಣಪಡಿಸುವ ಶಕ್ತಿ ಹೆಚ್ಚಿತೆಂದು ಹೇಳಲಾಗದು ಎಂದು 2013ರ ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಆಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರ ಪೀಠ ತೀರ್ಪಿತ್ತಿತು. ಕಂಪನಿಯ ಪಕ್ಷವನ್ನೂ ಹೇಳಬೇಕು: ಭಾರತದ ಸಾವಿರಾರು ರೋಗಿಗಳಿಗೆ ನೋವಾರ್ಟಿಸ್ ದಾನದ ಯೋಜನೆಯೊಂದರ ಮೂಲಕ ಗ್ಲಿವೆಕ್ಕನ್ನು ಉಚಿತವಾಗಿಯೇ ಕೊಡುತ್ತಿತ್ತು. ಆದರೆ ದಾನ ಕೊಡುವವರ ಇಚ್ಛೆಗೆ ಬಿಟ್ಟದ್ದು. ಅಂಗಡಿಯಲ್ಲಿ ಕೈಗೆಟಕುವ ಬೆಲೆಗೆ ಸಿಗುವುದೇ ಬೇರೆ.

ಈ ವಿವಾದದಲ್ಲಿ ಡ್ರುಕರ್ ಬಾಯಿ ಮುಚ್ಚಿ ಕೂರಲಿಲ್ಲ. ಪ್ರಕರಣ ಕಾವೇರಿದ್ದ 2007ರಲ್ಲಿ ಭಾರತದ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ಇಮ್ಯಾಟಿನಿಬ್‌ಗೆ ಇಟ್ಟಿರುವ ಬೆಲೆ ತಮಗೆ ಮುಜುಗರ ತಂದಿದೆ ಎಂದು ಅವರು ಹೇಳಿಕೊಂಡರು. ಚಿಕ್ಕಪುಟ್ಟ ಬದಲಾವಣೆಗಳಿಗೆಲ್ಲ ಪೇಟೆಂಟ್ ಕೇಳುವ ಪರಿಪಾಠವನ್ನೂ ಟೀಕಿಸಿದರು. 2013ರಲ್ಲಿ ಸಿಎಂಎಲ್ ಔಷಧಗಳ ಬೆಲೆಯನ್ನು ಖಂಡಿಸಿ ನೂರಕ್ಕೂ ಹೆಚ್ಚು ತಜ್ಞರು ‘ಬ್ಲಡ್’ ನಿಯತಕಾಲಿಕದಲ್ಲಿ ಬರೆದಾಗಲೂ ಅವರಲ್ಲಿ ಡ್ರುಕರ್ ಇದ್ದರು. ಇಮ್ಯಾಟಿನಿಬ್‌ನ ಮೂಲ ಪೇಟೆಂಟ್ ಇದ್ದದ್ದು ಜಿಮ್ಮರ್‌ಮನ್ ಅವರ ಹೆಸರಿನಲ್ಲಿ, ಒಡೆತನ ಕಂಪನಿಯದು. ಔಷಧದ ಬೆಲೆ ನಿಗದಿಯಾಗುವಾಗ ಅದನ್ನು ರೋಗಿಯ ಬಳಿಗೆ ತಂದ ವೈದ್ಯನ ಮಾತಿಗೆ ಜಾಗವಿರಲಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಮ್ಯಾಟಿನಿಬ್‌ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಮೆರಿಕದಲ್ಲಿ ಪೇಟೆಂಟ್ ಮುಗಿದು 2016ರ ಫೆಬ್ರುವರಿಯಲ್ಲಿ ಮೊದಲ ಅಗ್ಗದ ಮಾತ್ರೆ ಮಾರುಕಟ್ಟೆಗೆ ಬಂದಾಗ, ಅದನ್ನು ತಂದದ್ದು ಭಾರತದ ಸನ್ ಫಾರ್ಮಾ.

ಮಾತ್ರೆ ನಿಲ್ಲಿಸಬಹುದೇ?

ಬೆಂಗಳೂರಿನ ಕಿದ್ವಾಯಿ ಸೇರಿದಂತೆ ಯಾವುದೇ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸಿಎಂಎಲ್ ರೋಗಿಗಳು ವೈದ್ಯರನ್ನು ಕೇಳುವ ಪ್ರಶ್ನೆ ಇದು. ಆರೋಗ್ಯವಾಗಿರುವಾಗ ದಿನವೂ ಮಾತ್ರೆ ಏಕೆ? 2010ರಲ್ಲಿ ಫ್ರಾನ್ಸಿನ ಸಂಶೋಧಕರು, ಎರಡು ವರ್ಷಕ್ಕೂ ಹೆಚ್ಚು ಕಾಲ ಬಿಸಿಆರ್-ಎಬಿಎಲ್ ಲವಲೇಶವೂ ಕಾಣದ ರೋಗಿಗಳಲ್ಲಿ ಔಷಧ ನಿಲ್ಲಿಸಿ ನೋಡಿದರು. ಒಂದು ವರ್ಷದ ನಂತರ ಶೇ 40ರಷ್ಟು ಮಂದಿ ಕಾಯಿಲೆಯಿಲ್ಲದೆಯೇ ಇದ್ದರು. ಮುಂದೆ ಯುರೋಪಿನ ದೊಡ್ಡ ಅಧ್ಯಯನದಲ್ಲಿ ಈ ಪ್ರಮಾಣ ಸುಮಾರು ಅರ್ಧದಷ್ಟು. ಮರುಕಳಿಸಿದವರು ಮಾತ್ರೆ ಮತ್ತೆ ಆರಂಭಿಸಿದೊಡನೆ ಬಹುತೇಕ ಎಲ್ಲರೂ ಚೇತರಿಸಿಕೊಂಡರು. ಆದರೆ ಇದು ವೈದ್ಯರ ನಿಗಾದಲ್ಲಿ, ಆರಂಭದಲ್ಲಿ ತಿಂಗಳಿಗೊಮ್ಮೆ ಸೂಕ್ಷ್ಮ ರಕ್ತಪರೀಕ್ಷೆ ಮಾಡಿಸುತ್ತ ನಡೆಸುವ ಕೆಲಸ. ‘ಈಗ ಚೆನ್ನಾಗಿದ್ದೇನೆ’ ಎಂದು ತಾವಾಗಿಯೇ ಮಾತ್ರೆ ಬಿಡುವುದು, ವಾರಕ್ಕೆರಡು ದಿನ ತಪ್ಪಿಸುವುದು ಅಪಾಯಕಾರಿ. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಮಾತ್ರೆ ತಪ್ಪಿಸಿದವರಲ್ಲಿ ಔಷಧದ ಫಲ ಎದ್ದುಕಾಣುವಂತೆ ಇಳಿಯುತ್ತದೆಂದು 2010ರ ಇನ್ನೊಂದು ಅಧ್ಯಯನ ತೋರಿಸಿದೆ.

ಕಾಯಿಲೆ ಏಕೆ ಮರಳುತ್ತದೆ ಎಂಬುದನ್ನು ಡ್ರುಕರ್ ಅವರ ತಂಡವೇ ಹುಡುಕಿತು. ಮಜ್ಜೆಯ ಆಳದಲ್ಲಿರುವ ಕ್ಯಾನ್ಸರಿನ ಆಕರಕೋಶಗಳಲ್ಲಿ ಇಮ್ಯಾಟಿನಿಬ್ ಬಿಸಿಆರ್-ಎಬಿಎಲ್ ಅನ್ನು ತಡೆಯುತ್ತದೆ, ಆದರೂ ಆ ಕೋಶಗಳು ಸಾಯುವುದಿಲ್ಲ ಎಂದು 2011ರಲ್ಲಿ ಅವರು ವರದಿ ಮಾಡಿದರು. ಫ್ಯೂಸ್ ಕಿತ್ತರೂ ಬೇರೆಲ್ಲಿಂದಲೋ ಕರೆಂಟು ಪಡೆಯುವ ಮೋಟಾರುಗಳಿವು.

2013ರಿಂದ ಅವರ ಗಮನ ಹೆಚ್ಚಾಗಿ ಹರಿದದ್ದು ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾದತ್ತ. ವಾರಗಳಲ್ಲೇ ಪ್ರಾಣಕ್ಕೆ ಎರವಾಗಬಲ್ಲ ಈ ರಕ್ತಕ್ಯಾನ್ಸರಿನಲ್ಲಿ ಐದು ವರ್ಷ ಬದುಕುವವರು ಅಮೆರಿಕದಲ್ಲೂ ಮೂರರಲ್ಲಿ ಒಬ್ಬರು. ಡ್ರುಕರ್ ಮತ್ತು ಸಹೋದ್ಯೋಗಿಗಳು 562 ರೋಗಿಗಳ ಕೋಶಗಳನ್ನು ಸಂಗ್ರಹಿಸಿ, ವಂಶವಾಹಿಗಳನ್ನು ಓದಿ, ಒಂದೊಂದರ ಮೇಲೂ ಹತ್ತಾರು ಔಷಧಗಳನ್ನು ಪ್ರಯೋಗಿಸಿ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ಲ ಮಾಹಿತಿಯನ್ನೂ ಜಗತ್ತಿನ ಸಂಶೋಧಕರಿಗೆ ಮುಕ್ತವಾಗಿಟ್ಟರು. ಅಲ್ಲಿ ಒಂದೇ ಸ್ವಿಚ್ ಸಿಗಲಿಲ್ಲ. ರೋಗಿಯಿಂದ ರೋಗಿಗೆ ಕೆಟ್ಟಿರುವ ಸ್ವಿಚ್ಚೇ ಬೇರೆ, ಒಬ್ಬರಲ್ಲೇ ಹಲವು.